ತೇರ್ಸ್ ಮುಗಿದ ಮೇಲಿನ ಬೆಸಾಂವ್

ನಮ್ಮ ಮನೆಯಲ್ಲಿ ಸಂಜೆ ತೇರ್ಸ್ ಆಗದೆ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವುದಿಲ್ಲ. ತೇರ್ಸ್ ಎಂದರೆ ಮನೆಮಂದಿಯೆಲ್ಲ ಅಲ್ತಾರಿನ, ಅಂದರೆ ಮನೆಯ ದೇವರ ಪೀಠದ ಮುಂದೆ ಮೊಣಕಾಲೂರಿ, ಜಪಮಣಿ ಹಿಡಿದು ಹೇಳುವ ಪ್ರಾರ್ಥನೆ. ಅದು ಮುಗಿದೊಡನೆ ಕಿರಿಯರು ಒಬ್ಬೊಬ್ಬ ಹಿರಿಯರ ಮುಂದೆಯೂ ಕೈಜೋಡಿಸಿ ನಿಂತು ಬೆಸಾಂವ್ ಕೇಳಬೇಕು. ಬೆಸಾಂವ್ ಅಂದರೆ ಆಶೀರ್ವಾದ. ಹಿರಿಯರು ಬಲಗೈ ಎತ್ತಿ, ದೇವರು ಒಳ್ಳೆಯದು ಮಾಡಲಿ ಅನ್ನುತ್ತಾರೆ. ಮೊದಲು ನನ್ನ ಅತ್ತೆ, ಆಮೇಲೆ ನನ್ನ ಗಂಡ, ಕೊನೆಗೆ ನಾನು. ಅತ್ತೆಯನ್ನು ಮನೆಯಲ್ಲಿ ಎಲ್ಲರೂ, ನನ್ನ ಮಗಳೂ ಸೇರಿ, ಮಾಂಯ್ ಎಂದೇ ಕರೆಯುತ್ತೇವೆ. ನಾನು ಮದುವೆಯಾಗಿ ಹೊನ್ನಾವರಕ್ಕೆ ಬಂದ ಹೊಸತರಲ್ಲಿ ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಗಿ, ಮಾಂಯ್ ದಿನವಿಡೀ ನನ್ನ ಜೊತೆ ಮಾತು ಬಿಟ್ಟಿದ್ದರು. ಸಂಜೆ ಬೆಸಾಂವ್ ಕೇಳಿದಾಗ ಮುಖ ಗೋಡೆಯ ಕಡೆಗೇ ಇತ್ತು, ಕೈ ಮಾತ್ರ ನನ್ನ ಕಡೆ ಎದ್ದಿತ್ತು. ಸಿಟ್ಟು ಸಿಟ್ಟಿನ ಜಾಗದಲ್ಲಿ, ಬೆಸಾಂವ್ ಅದರ ಜಾಗದಲ್ಲಿ. ಅದು ನನಗೆ ಬಹಳ ಹಿಡಿಸಿತ್ತು.

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನನ್ನ ಗಂಡ ಹೋದ ವರ್ಷ ಮಗಳಿಗೆ ಬೆಸಾಂವ್ ಕೊಡಲು ಒಲ್ಲೆ ಅಂದುಬಿಟ್ಟರು.

ಆಗ ಮಗಳಿಗೆ ಹದಿನೈದು. ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಅವಳ ವಯಸ್ಸಿನ ಮಕ್ಕಳಿಗೆ ದೃಢೀಕರಣ ಸಂಸ್ಕಾರದ ತಯಾರಿ ನಡೆದಿತ್ತು. ಕೂಸಾಗಿದ್ದಾಗ ಜ್ಞಾನಸ್ನಾನದಲ್ಲಿ ಅಪ್ಪ ಅಮ್ಮ ತಮ್ಮ ಪರವಾಗಿ ಹೇಳಿದ ‘ನಂಬುತ್ತೇವೆ’ ಎಂಬ ಮಾತನ್ನು ಮಕ್ಕಳು ಈಗ ತಮ್ಮ ಬಾಯಿಂದಲೇ ಹೇಳಬೇಕು; ಬಿಷಪರು ಬಂದು ಹಣೆಗೆ ತೈಲ ಹಚ್ಚುತ್ತಾರೆ. ಮನೆಯಲ್ಲಿ ಇದು ಸಣ್ಣ ಮದುವೆ ಇದ್ದ ಹಾಗೆ. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡಿದ್ದ, ಭಟ್ಕಳದಲ್ಲಿರುವ ಧರ್ಮತಾಯಿ ಆಗಲೇ ಬಿಳಿ ಗೌನಿಗೆ ಬಟ್ಟೆ ಹರಿಸಿ ದರ್ಜಿಗೆ ಕೊಟ್ಟಾಗಿತ್ತು. ಗಂಡ ತಮ್ಮ ಎಲೆಕ್ಟ್ರಿಕ್ ಅಂಗಡಿಗೆ ಬರುವ ಗಿರಾಕಿಗಳಿಗೂ ಊಟದ ಸುದ್ದಿ ಹೇಳಿಯಾಗಿತ್ತು. ಅಂಥ ಹೊತ್ತಿನಲ್ಲಿ ಮಗಳು ಒಂದು ಸಂಜೆ ತೇರ್ಸಿಗೆ ಮುಂಚೆ, “ಪಪ್ಪಾ, ನಂಗೆ ಇದು ಈಗ ಬೇಡ” ಅಂದಳು.

“ಎಂತಕ್ಕೆ ಬೇಡ?”

“ನಾನು ನಂಬ್ತೇನೋ ಇಲ್ವೋ ಅಂತ ನಂಗೇ ಸರಿ ಗೊತ್ತಿಲ್ಲ. ಬಿಷಪರ ಎದುರು ನಿಂತು ಸುಳ್ಳು ಹೇಳೂದು ಹ್ಯಾಗೆ?”

ನನಗೆ ಮೊದಲು ದರ್ಜಿಯ ಹತ್ತಿರವಿದ್ದ ಗೌನು ನೆನಪಾಯಿತು. ಅದೇ ಉಸಿರಿನಲ್ಲಿ, ಪರವಾಗಿಲ್ಲ, ಸುಳ್ಳಿಗೆ ಹೆದರುವ ಹುಡುಗಿಯನ್ನು ಬೆಳೆಸಿದ್ದೇವೆ ಎಂದೂ ಅನ್ನಿಸಿತು. ಗಂಡನಿಗೆ ಹಾಗೆ ಅನ್ನಿಸಲಿಲ್ಲ. ತೇರ್ಸ್ ಮುಗಿದು ಮಗಳು ಎದುರು ಕೈಜೋಡಿಸಿ ನಿಂತಾಗ ಅವರು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದರು. “ಮೊದಲು ಹ್ಞೂಂ ಅನ್ನು. ಆಮೇಲೆ ಬೆಸಾಂವ್.”

ಮಗಳು ಜೋಡಿಸಿದ ಕೈ ಇಳಿಸಿದಳು. ಆಮೇಲೆ ಒಳಗೆ ಹೋದಳು. ಮರುದಿನದಿಂದ ಮಾಂಯ್ ಹತ್ತಿರ ಬೆಸಾಂವ್ ಕೇಳಿ, ಅಪ್ಪನನ್ನು ದಾಟಿ, ನೇರ ನನ್ನ ಹತ್ತಿರ ಬರತೊಡಗಿದಳು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. “ಬೆಸಾಂವ್ ಎಂತ ನಿಮ್ಮ ಅಂಗಡಿಯ ಬಲ್ಬಾ, ಕಪಾಟಿನಲ್ಲಿ ಇಟ್ಟು ಬೀಗ ಹಾಕೂಕೆ?” ಎಂದು ಕೇಳಿದೆ. ಅವರು ಫ್ಯಾನು ಜೋರು ಮಾಡಿಕೊಂಡು ಪೇಪರ್ ಓದಿದರು. ಮಾಂಯ್ ಬೈದರೂ ಕೇಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಮಗಳೇನು ಕಡಿಮೆಯೇ, ಅವರದೇ ರಕ್ತ. ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತ ಉಪ್ಪಿನಕಾಯಿ ಬೇಕಾದರೆ ನನ್ನ ಮೂಲಕ ಕೇಳುತ್ತಿದ್ದರು. ನನಗೆ ಸಂಸ್ಕಾರದ ಚಿಂತೆ ಹೋಗಿ, ಈ ಅಪ್ಪ ಮಗಳು ಹೀಗೇ ಉಳಿದುಬಿಟ್ಟರೆ ಎಂಬ ಭಯ ಹಿಡಿಯಿತು.

ಆಗ ನಮ್ಮ ಮನೆಗೆ ಟೀಚರ್ ಬರುವ ಸರದಿ ಬಂತು.

ದೃಢೀಕರಣದ ಮಕ್ಕಳಿಗೆ ಕಲಿಸುವವರು ಈ ಟೀಚರ್. ಕುಮಟಾದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ, ಮನೆ ಹೊಳನಗದ್ದೆಯಲ್ಲಿ. ಧ್ವನಿ ಎಂಥದ್ದೆಂದರೆ ಇಗರ್ಜಿಯಲ್ಲಿ ಮೈಕ್ ಕೆಟ್ಟರೆ ಯಾರೂ ಚಿಂತೆ ಮಾಡುವುದಿಲ್ಲ. ರವಿವಾರದ ಪಾಠದಲ್ಲಿ ಮಕ್ಕಳು ಏನು ಕೇಳಿದರೂ ಅವರು ಗದರುವವರಲ್ಲ. ಶಾಲೆಯಲ್ಲಿ ಪಕ್ಕ ಕೂರುವ ಹಿಂದೂ ಗೆಳತಿ, ಮುಸ್ಲಿಂ ಗೆಳತಿ ದೇವರಿಗೆ ಬೇಡವೇ ಎಂದು ಒಬ್ಬ ಹುಡುಗಿ ಕೇಳಿದಾಗ, “ನಿಂಗೆ ಬೇಕಾದವಳು ದೇವರಿಗೆ ಬೇಡ ಆಗ್ತಾಳಾ? ದೇವರಿಗೆ ನಿನ್ನಷ್ಟೂ ಮನಸ್ಸಿಲ್ಲ ಅಂದ್ಕೊಂಡಿದ್ಯಾ?” ಅಂದರಂತೆ. ಪ್ರಶ್ನೆ ಕೇಳದೆ ಹೇಳಿದ ಹ್ಞೂಂ ತನಗೆ ಬೇಡ ಎನ್ನುವುದು ಅವರ ಪಾಠದ ಮೊದಲ ಮಾತು.

ಅವರದೊಂದು ಪದ್ಧತಿ ಇದೆ. ಮಕ್ಕಳಿಗೆ ಪಾಠ ಹೇಳಿದರೆ ಅರ್ಧ ಕೆಲಸ, ಉಳಿದರ್ಧ ಮನೆಯಲ್ಲಿ ಎನ್ನುತ್ತ ಆ ವರ್ಷದ ಪ್ರತಿ ಹುಡುಗ ಹುಡುಗಿಯ ಮನೆಗೂ ಒಂದೊಂದು ಸಂಜೆ ಸ್ಕೂಟಿ ಹಾಕಿಕೊಂಡು ತೇರ್ಸಿಗೆ ಬರುತ್ತಾರೆ. ವಿಶೇಷ ಅಡುಗೆ ಕೂಡದು. ಕುರ್ಚಿ ಕೊಟ್ಟರೆ ಕೂರುವುದಿಲ್ಲ. ಮನೆಯ ಅತಿ ಕಿರಿಯರು ಎಲ್ಲಿ ಮೊಣಕಾಲೂರುತ್ತಾರೋ ಅಲ್ಲೇ ಅವರದೂ ಜಾಗ. ಮಂಕಿಯ ಒಂದು ಮನೆಗೆ ಹೋದಾಗ ಅಲ್ಲಿನ ತಾಯಿ ಮೀನು ಕೊಯ್ಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದರಂತೆ. ಟೀಚರ್ ಇನ್ನೊಂದು ಮಣೆಕತ್ತಿ ಕೇಳಿ ಪಡೆದು ಉಳಿದ ಮೀನು ಕೊಯ್ದುಕೊಟ್ಟು, ಆಮೇಲೆ ಪ್ರಾರ್ಥನೆ ಎಂದರಂತೆ. ಇದನ್ನೆಲ್ಲ ಕೇಳಿದಾಗ ನಾನು, ಇದೊಂದು ಹೊಸ ನಮೂನೆಯ ತಪಾಸಣೆ ಎಂದು ಮೂಗು ಮುರಿದಿದ್ದೆ.

ಅವರು ಬರುವ ದಿನ ಗಂಡ ಅಂಗಡಿಯಿಂದ ಹೊಸ ಸೀರಿಯಲ್ ಲೈಟು ತಂದು ಅಲ್ತಾರಿಗೆ ಸುತ್ತಿದರು. ಅವರ ಲೆಕ್ಕಾಚಾರ ನನಗೆ ಗೊತ್ತಿತ್ತು: ಟೀಚರ್ ಬಾಯಿಂದ ಹುಡುಗಿಗೆ ನಾಲ್ಕು ಮಾತು ಹೇಳಿಸಿ ಹ್ಞೂಂ ಅನ್ನಿಸುವುದು. ಟೀಚರ್ ಬಂದು ಹಿಂದಿನ ಚಾಪೆಯಲ್ಲಿ ಮಗಳ ಪಕ್ಕ ಮೊಣಕಾಲೂರಿದರು, ತೇರ್ಸ್ ಆಯಿತು. ಮಗಳು ಮಾಂಯ್ ಮುಂದೆ ನಿಂತಳು, ಅಪ್ಪನನ್ನು ದಾಟಿದಳು, ನನ್ನ ಮುಂದೆ ನಿಂತಳು. ಗಂಡ ಕಾಯುತ್ತಿದ್ದುದು ಇದಕ್ಕೇ.

“ನೋಡಿದ್ರಾ ಟೀಚರ್? ನಂಬಿಕೆ ಉಂಟೋ ಇಲ್ವೋ ಗೊತ್ತಿಲ್ಲಂತೆ. ಹ್ಞೂಂ ಅನ್ನೂ ತನಕ ನಾನು ಬೆಸಾಂವ್ ಕೊಡೂದಿಲ್ಲ ಅಂದಿದ್ದೇನೆ. ನೀವೇ ಬುದ್ಧಿ ಹೇಳಿ.”

ಟೀಚರ್ ಬುದ್ಧಿ ಹೇಳಲಿಲ್ಲ. ಮಗಳ ಕಡೆ ನೋಡಲೂ ಇಲ್ಲ. ಹಿಂದಿನ ಚಾಪೆಯಿಂದ ಎದ್ದು ಬಂದು, ನನ್ನ ಗಂಡನ ಎದುರು ಕೈಜೋಡಿಸಿ ನಿಂತು ತಲೆ ಬಗ್ಗಿಸಿದರು. “ನಂಗೂ ಕೊಡಿ ಅಣ್ಣಾ, ಬೆಸಾಂವ್.”

ಕೇಳಿದ ಅತಿಥಿಗೆ ಇಲ್ಲ ಅನ್ನುವುದು ನಮ್ಮಲ್ಲಿ ಇಲ್ಲ. ಗಂಡ ಗಡಬಡಿಸಿ ಕೈ ಎತ್ತಿ, “ದೇವರು ಒಳ್ಳೇದು ಮಾಡ್ಲಿ” ಅಂದರು.

ಟೀಚರ್ ತಲೆ ಎತ್ತಿದರು. ಆ ದೊಡ್ಡ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಅಮ್ಮ ಹೋದ ಮೇಲೆ ನಂಗೆ ಸರಿಯಾಗಿ ಪ್ರಾರ್ಥನೆ ಮಾಡೂಕೇ ಆಗ್ತಾ ಇಲ್ಲ ಅಣ್ಣಾ. ದೇವರು ಕೇಳ್ತಾನೋ ಇಲ್ವೋ ಅಂತ ಅನುಮಾನ. ನೀವು ನನ್ನ ಹತ್ರ ಎಂತದೂ ಕೇಳದೆ ಕೊಟ್ಟುಬಿಟ್ರಲ್ಲ. ದೊಡ್ಡ ಉಪಕಾರ ಆತು.”

ಅಲ್ತಾರಿನ ಹೊಸ ಲೈಟು ಹತ್ತಿ ಆರುತ್ತಿತ್ತು. ಆಮೇಲೆ ಮಾಂಯ್, “ಇವನು ಹದಿನೈದಕ್ಕೆ ತೇರ್ಸಿನಲ್ಲಿ ಗೊರಕೆ ಹೊಡೀತಿದ್ದ. ಒಂದು ದಿನವಾದ್ರೂ ನಾನು ಬೆಸಾಂವ್ ತಪ್ಪಿಸಿದ್ದೆನಾ ಕೇಳಿ” ಅಂದರು. ಗಂಡ ಕೆಂಪಗಾದರು. ಇನ್ನು ಮಗಳನ್ನು ಕರೆಯುತ್ತಾರೆ ಎಂದುಕೊಂಡೆ. ಕರೆಯಲಿಲ್ಲ. ಟೀಚರ್ ಕೂಡ ಒತ್ತಾಯ ಮಾಡಲಿಲ್ಲ. “ಹಸಿವು ಆತು ಅಕ್ಕಾ, ಬಡಿಸಿ” ಎಂದು ನನ್ನ ಬಂಗಡೆ ಸಾರಿಗೆ ಕೂತರು.

ಊಟದ ನಡುವೆ ಮಗಳು ಕೇಳಿದಳು: “ನಂಬಿಕೆ ಇಲ್ಲದ ದಿನ ನೀವು ಎಂತ ಮಾಡ್ತೀರಿ ಟೀಚರ್?”

“ಇರುವವರ ಪಕ್ಕ ಹೋಗಿ ಕೂತ್ಕೊಳ್ತೇನೆ” ಅಂದರು ಟೀಚರ್, ಮುಳ್ಳು ಬಿಡಿಸುತ್ತ.

ಅಮ್ಮನನ್ನು ಕಳೆದುಕೊಂಡ ಆ ಹೆಂಗಸು ತನ್ನ ಅನುಮಾನವನ್ನೂ ಹೊತ್ತುಕೊಂಡೇ ಊರೂರು ಸುತ್ತಿ, ಪರರ ಮಕ್ಕಳ ಪಕ್ಕ ಮೊಣಕಾಲೂರುತ್ತಿದ್ದಳು. ನಾನು ಅದನ್ನು ತಪಾಸಣೆ ಅಂದುಕೊಂಡಿದ್ದೆ. ಇಗರ್ಜಿಯಲ್ಲಿ ಫಾದರ್ ಹೇಳುವ ಎಷ್ಟೋ ಪ್ರಸಂಗ ಕೇಳಿದ್ದೇನೆ, ಕೆಲವಕ್ಕೆ ಆಕಳಿಸಿದ್ದೂ ಉಂಟು. ಯೇಸುಸ್ವಾಮಿ ತಾನೇ ಗುರುವಾಗಿದ್ದೂ ಶಿಷ್ಯರ ಕಾಲು ತೊಳೆದ ಕತೆ ನನಗೆ ನಿಜವಾಗಿ ತಿಳಿದದ್ದು ಅವತ್ತು, ಹಿಂದಿನ ಚಾಪೆಯಿಂದ ಎದ್ದು ಬಂದ ಆ ಗಣಿತದ ಟೀಚರನ್ನು ನೋಡಿ.

ಬಿಷಪರು ಬಂದ ದಿನ ಮಕ್ಕಳು ಬಿಳಿ ಬಟ್ಟೆಯಲ್ಲಿ ಸಾಲಾಗಿ ನಿಂತರು. ನಮ್ಮ ಮಗಳು ಸಾಲಿನಲ್ಲಿರಲಿಲ್ಲ. ಅವಸರವಿಲ್ಲ, ಯಾವಾಗ ಬರಬೇಕು ಅನ್ನಿಸುತ್ತದೋ ಆಗ ಬರಲಿ ಎಂದು ಟೀಚರ್ ಫಾದರ್ ಹತ್ತಿರ ಮಾತಾಡಿದ್ದರು. ಅವಳು ಚೂಡಿದಾರ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದಳು, ನಾನು ಪಕ್ಕದಲ್ಲಿ. ಗಂಡ ಯಾವಾಗಲೂ ಗಂಡಸರ ಕಡೆ ಮುಂದಿನ ಬೆಂಚಿನವರು. ಅವತ್ತು ಬಾಗಿಲಲ್ಲಿ ನಿಂತು ಮುಂದೆ ನೋಡಿದರು, ಹಿಂದೆ ನೋಡಿದರು, ಆಮೇಲೆ ಬಂದು ಮಗಳ ಆಚೆ ಬದಿಗೆ ಕೂತರು. ಹೊರಗೆ ಬರುವಾಗ ಭಟ್ಕಳದ ಧರ್ಮತಾಯಿ, ಹೊಲಿಸಿದ ಗೌನು ಎಂತ ಮಾಡೂದು ಎಂದು ನಾಲ್ಕು ಜನರ ಎದುರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ, “ಇರ್ಲಿ ಬಿಡಿ. ಅವಳು ಇನ್ನೂ ಪ್ರಶ್ನೆ ಕೇಳ್ತಾ ಇದ್ದಾಳೆ, ಕೇಳ್ಲಿ” ಅಂದರು. ಮಗಳು ತಿರುಗಿ ಅಪ್ಪನ ಮುಖ ನೋಡಿದಳು.

ಆ ಸಂಜೆ ತೇರ್ಸ್ ಮುಗಿಯಿತು. ಮಗಳು ಮಾಂಯ್ ಹತ್ತಿರ ಬೆಸಾಂವ್ ತೆಗೆದುಕೊಂಡು, ರೂಢಿಯಂತೆ ಅಪ್ಪನನ್ನು ದಾಟಲು ತಿರುಗಿದಳು. ಅವಳಿನ್ನೂ ಕೈಜೋಡಿಸಿರಲಿಲ್ಲ, ಏನೂ ಕೇಳಿರಲಿಲ್ಲ. ಅಪ್ಪನ ಬಲಗೈ ಆಗಲೇ ಮೇಲೆ ಎದ್ದಿತ್ತು.