‘ತಗೊಂಡೆ’ ಗುಂಡಿಯ ಪಕ್ಕದಲ್ಲಿ ನಸೀಮ

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಹಿಂಬದಿ ಅಡುಗೆಮನೆಯಲ್ಲಿ ಅಡುಗೆ ಕೆಲಸದ ಆಚುಮ್ಮ ಪರೋಟಕ್ಕೆ ಹಿಟ್ಟು ನಾದುತ್ತಿದ್ದಾರೆ. ಪಕ್ಕದ ಸ್ಟೂಲಿನಲ್ಲಿ ನಸೀಮ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ಆಚುಮ್ಮನ ಫೋನು ಕಿರುಚುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು. ಅವರು ಹಿಟ್ಟಿನ ಬೆರಳಲ್ಲೇ ‘ತಗೊಂಡೆ’ ಎಂಬ ಹಸಿರು ಗುಂಡಿ ಒತ್ತುತ್ತಾರೆ. ಫೋನು ತೆಪ್ಪಗಾಗುತ್ತದೆ. ಮಾತ್ರೆ ಮಾತ್ರ ಡಬ್ಬಿಯಲ್ಲೇ ಇದೆ.

ಇದನ್ನು ನೋಡುವುದೇ ನಸೀಮರ ಉದ್ಯೋಗ. ಆರೋಗ್ಯದ ಆ್ಯಪ್‌ಗಳನ್ನು ಜನ ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಿ ವರದಿ ಕೊಡಬೇಕು. ಹೇಳಿಕೊಡುವಂತಿಲ್ಲ, ತಿದ್ದುವಂತಿಲ್ಲ, ಹುಬ್ಬು ಏರಿಸುವಂತೆಯೂ ಇಲ್ಲ. "ನಾನು ಮುಖ ಹುಳಿ ಮಾಡಿದ್ರೆ ಅವರು ಹೆದರಿ ಸರಿಯಾಗಿ ಒತ್ತುತ್ತಾರೆ. ಮತ್ತೆ ಪರೀಕ್ಷೆ ಎಂತಕ್ಕೆ?" ಎನ್ನುತ್ತಾರೆ ಅವರು.

ಉಳ್ಳಾಲದ ಬ್ಯಾರಿ ಮನೆಯಿಂದ ಮದುವೆಯಾಗಿ ದುಬೈಗೆ ಬಂದವರು ನಸೀಮ. ಮೊದಲು ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿದ್ದರು. ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ ಎಲ್ಲ ಬರುತ್ತದೆಂದು ಆ್ಯಪ್ ಕಂಪೆನಿ ಕರೆದು ಕೆಲಸ ಕೊಟ್ಟಿತು. ಅಷ್ಟು ಭಾಷೆ ಬಲ್ಲವರಿಗೆ ಬಾಯಿ ಮುಚ್ಚಿಕೊಂಡಿರಲು ಸಂಬಳ. ಈಗ ಸಿಲಿಕಾನ್ ಓಯಸಿಸ್‌ನ ಫ್ಲ್ಯಾಟಿನಿಂದ ಕತ್ತಲಲ್ಲೇ ಕಾರು ಹೊರಡಿಸುತ್ತಾರೆ. ಅಡುಗೆಯವರು, ಡ್ರೈವರ್‌ಗಳು ಪುರುಸೊತ್ತಾಗಿ ಸಿಗುವುದು ಯಜಮಾನರು ಏಳುವ ಮೊದಲೇ.

ಈ ಹಸಿರು ಗುಂಡಿ ನಸೀಮರಿಗೆ ಹೊಸದಲ್ಲ. ಆ್ಯಪ್ ಬಿಡುಗಡೆಗೆ ಮೊದಲು, ಕಳೆದ ರಂಜಾನ್‌ನ ಆರಂಭದಲ್ಲಿ, ಸುರತ್ಕಲ್ ಕಡೆಯ ಡ್ರೈವರ್ ಬದ್ರುದ್ದೀನ್ ಅದನ್ನು ಹೀಗೆಯೇ ಒತ್ತಿದ್ದರು. ನಡುಮಧ್ಯಾಹ್ನ ಅಲಾರಾಂ, ಅವರಿಗೆ ನೋಂಬು, ಅಂದರೆ ಉಪವಾಸ. ನೋಡುವ ಹೊತ್ತು ಮುಗಿದ ಮೇಲೆ ನಸೀಮ ತಡೆಯಲಾರದೆ ಹೇಳಿದರು, "ಕಾಕ, ನುಂಗದೆ ಒತ್ತಬೇಡಿ."

"ಒತ್ತದಿದ್ರೆ ಅದು ಬಾಯಿ ಮುಚ್ಚುದಿಲ್ಲ ಮಗಳೇ. ಮಸೀದಿಯಲ್ಲಿ ಎಲ್ಲರೂ ತಿರುಗಿ ನೋಡ್ತಾರೆ. ನೋಂಬು ಬಿಟ್ಟ ಮೇಲೆ ನುಂಗುವ ಅಂತ ಇರ್ತದೆ, ಮತ್ತೆ ಮರ್ತು ಹೋಗ್ತದೆ."

ನಸೀಮ ಇದನ್ನು ವರದಿಯ ಮೊದಲ ಪುಟದಲ್ಲೇ ಬರೆದರು. ಜುಮೇರಾ ಲೇಕ್ ಟವರ್ಸ್‌ನ ಕಚೇರಿಯಲ್ಲಿ ಮ್ಯಾನೇಜರ್ ಕಾನ್ರಾಡ್ ಪಾಯ್ಸ್ ಓದಿದರು. "ಒಬ್ಬ ಡ್ರೈವರ್‌ನ ಅಭ್ಯಾಸಕ್ಕೆ ಡಿಸೈನ್ ಬದಲಿಸ್ಲಿಕ್ಕೆ ಆಗ್ತದಾ ನಸೀಮ? ಲಾಂಚ್ ಹತ್ತಿರ ಬಂತು," ಎಂದರು. ಆ ಪುಟ ವರದಿಯಿಂದ ಬಿತ್ತು, ನೋಂಬಿನ ತಿಂಗಳಲ್ಲೇ ಆ್ಯಪ್ ಹೊರಬಂತು. ಬದ್ರುದ್ದೀನ್ ನುಂಗದೆ ಒತ್ತುತ್ತಲೇ ಹೋದರು.

ಮುಂದಿನದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಒತ್ತಿದ್ದೆಲ್ಲ ದಾಖಲಾಗುವ ಡಾಕ್ಟರ ಪರದೆಯಲ್ಲಿ ಬದ್ರುದ್ದೀನ್ ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ, ಸಕ್ಕರೆ ಮಾತ್ರ ಇಳಿದಿರಲಿಲ್ಲ. ಪಾಪ, ಡಾಕ್ಟರು ಪರದೆಯನ್ನು ನಂಬಿ ಇನ್ನೂ ಜೋರಿನ ಮಾತ್ರೆ ಬರೆದರು. ಹಬ್ಬ ಕಳೆದ ಮೇಲೆ ಬದ್ರುದ್ದೀನ್ ಅದನ್ನು ಶ್ರದ್ಧೆಯಿಂದ ನುಂಗತೊಡಗಿದರು. ಸಕ್ಕರೆ ಒಮ್ಮೆಲೇ ಕುಸಿದು, ಸ್ಟೀರಿಂಗ್ ಕೈತಪ್ಪಿ, ಕಾರು ವಿಲ್ಲಾದ ಕಾಂಪೌಂಡಿಗೆ ಬಡಿಯಿತು. ಕಾರಿನಲ್ಲಿ ಯಜಮಾನರ ಮಕ್ಕಳು ಇರಲಿಲ್ಲ, ದೇವರು ದೊಡ್ಡವನು. ಅಷ್ಟಕ್ಕೇ ವೀಸಾ ರದ್ದಾಯಿತು, ಅವರು ಊರಿಗೆ ಮರಳಿದರು.

ಬೀಳ್ಕೊಡಲು ಹೋದ ನಸೀಮರಿಗೆ ಅವರು ಫೋನು ತೋರಿಸಿ ನಕ್ಕರಂತೆ. "ನೋಡು, ಇದರಲ್ಲಿ ನಾನು ಒಳ್ಳೆ ಪೇಷಂಟ್. ಸ್ಟಾರ್ ಕೊಟ್ಟಿದ್ದಾರೆ."

ಆ ಆ್ಯಪ್‌ಗೆ ಬಂದ ಪ್ರಶಸ್ತಿ ಕಚೇರಿಯ ಗೋಡೆಯ ಮೇಲಿದೆ. "ನೀವು ಬರೆದದ್ದು ಸರಿ ಇತ್ತು. ಆದ್ರೆ ಈಗ ಖಲಾಸ್, ಬಿಡಿ," ಎಂದಿದ್ದಾರೆ ಪಾಯ್ಸ್. ಹಾಗಾದರೆ ಕೆಲಸ ಬಿಡಬಾರದೇ ಎಂದರೆ ನಸೀಮ ಮುಚ್ಚುಮರೆ ಮಾಡುವುದಿಲ್ಲ. "ಬಿಟ್ರೆ ಕಂಪೆನಿ ಕೊಟ್ಟ ನನ್ನ ವೀಸಾವೂ ಹೋಗ್ತದೆ. ಸಿಟ್ಟು ಉಂಟು, ಧೈರ್ಯ ಇಲ್ಲ."

ಅಡುಗೆಮನೆಯಲ್ಲಿ ಇಂದಿನ ನೋಡುವ ಹೊತ್ತು ಮುಗಿಯಿತು. ನಸೀಮ ಎದ್ದು ಲೋಟದಲ್ಲಿ ನೀರು ಹಿಡಿದು ಮಾತ್ರೆಯ ಡಬ್ಬಿ ಮುಂದಿಡುತ್ತಾರೆ.

"ಅಲ್ಲ ಮಗಳೇ, ಇಷ್ಟೊತ್ತು ಗೊತ್ತಿದ್ದೂ ಸುಮ್ಮನೆ ಕೂತದ್ದಾ ನೀನು?" ಎಂದು ಆಚುಮ್ಮ ಕೇಳುತ್ತಾರೆ. ಅವರು ಮಾತ್ರೆ ನುಂಗುವವರೆಗೂ ನಸೀಮ ನಿಂತು ನೋಡುತ್ತಾರೆ.

ಆ್ಯಪ್‌ನಲ್ಲಿ ನಿಮಗೇನು ಬೇಕು ಎಂದು ಗೇಟಿನ ಹೊರಗೆ ಕೇಳಿದಾಗ ನಸೀಮ ಕಾರಿನ ಬಾಗಿಲು ತೆರೆಯುತ್ತಲೇ ಹೇಳುತ್ತಾರೆ. "ಇನ್ನೊಂದು ಗುಂಡಿ ಸಾಕು. ‘ತಗೊಳ್ಳಲಿಲ್ಲ’ ಅಂತ. ಅದನ್ನು ಒತ್ತಿದವರಿಗೆ ಯಾರೂ ಬೈಬಾರ್ದು. ಬದ್ರುದ್ದೀನ್ ಕಾಕನಿಗೆ ಸುಳ್ಳು ಹೇಳ್ಬೇಕಂತ ಇರ್ಲಿಲ್ಲ. ನಿಜ ಒತ್ತಲಿಕ್ಕೆ ಜಾಗ ಇರ್ಲಿಲ್ಲ."