ಕಣದ ಮೈಗೆ ವಿಳಾಸ ಅಂಟಿಸುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಪ್ರಯೋಗಾಲಯದ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ. ಅದರ ಕೆಳಗೆ ನಿಂತ ಹೆಂಗಸು ಬೆರಳುದ್ದದ ಗಾಜಿನ ಕೊಳವೆಯನ್ನು ಓರೆಯಾಗಿ ಹಿಡಿದು ನೋಡುತ್ತಿದ್ದಾರೆ. ಒಳಗಿರುವುದು ನೀರು ಬೆರೆಸಿದ ಹಾಲಿನಂಥ ದ್ರವ. ಅದರಲ್ಲಿ ನೀಲಿಯ ಛಾಯೆ ಕಂಡದ್ದೇ ತಡ, ಮುಖ ಅರಳುತ್ತದೆ. "ನೀಲಿ ಹೊಡೀತಿದ್ರೆ ಕಣ ಸಣ್ಣಗೆ ಬಂದಿದೆ ಅಂತ. ಬರೀ ಬೆಳ್ಳಗಿದ್ರೆ ಒಂದಕ್ಕೊಂದು ಅಂಟಿ ಕೆಟ್ಟಿತು, ಚೆಲ್ಲಿ ಮೊದಲಿಂದ ಶುರು."

ವಿದ್ಯಾರ್ಥಿಗಳಿಗೆಲ್ಲ ಅವರು ಅಕ್ಕ. ಇಪ್ಪತ್ತೇಳು ವರ್ಷದ ಹಿಂದೆ ಗಾಜಿನ ಸಾಮಾನು ತೊಳೆಯಲು ಸೇರಿದವರು ಈಗ ಹಿರಿಯ ತಂತ್ರಜ್ಞೆ, ವಯಸ್ಸು ಐವತ್ತೊಂಬತ್ತು. ಅವರು ತಯಾರಿಸುವ ಕಣಗಳನ್ನು ಒಂದು ಕೂದಲಿನ ದಪ್ಪದಲ್ಲಿ ಐನೂರು ಸಾಲಾಗಿ ನಿಲ್ಲಿಸಬಹುದು. ಮೈಯೊಳಗೆ ತಾನೇ ಕರಗಿಹೋಗುವ ಪಾಲಿಮರ್ ಕಣ. ಅದರ ಹೊಟ್ಟೆಯಲ್ಲಿ ಕ್ಯಾನ್ಸರ್ ಔಷಧಿ. ಬರಿಮೈಯಲ್ಲಿ ರಕ್ತಕ್ಕೆ ಬಿಟ್ಟರೆ ದೇಹದ ಕಾವಲು ಕೋಶಗಳು ಕ್ಷಣದಲ್ಲಿ ನುಂಗಿಬಿಡುತ್ತವೆ. ಅದಕ್ಕೇ ಮೇಲೊಂದು ನವಿರಾದ ಎಳೆಗಳ ಹೊದಿಕೆ, ಎಳೆಯ ತುದಿಗೆ ಗಡ್ಡೆಯನ್ನು ಗುರುತು ಹಿಡಿಯುವ ಅಣು. ಅಕ್ಕನ ಬಾಯಲ್ಲಿ ಇದು ಇನ್ನೂ ಸಲೀಸು: "ಅಂಗಿ ತೊಡಿಸಿ, ಮೇಲೆ ವಿಳಾಸದ ಚೀಟಿ ಅಂಟಿಸೋದು. ದಾರಿ ತಪ್ಪಬಾರದಲ್ಲ!"

ದಾರಿ ತಪ್ಪಿದರೆ ಏನಾಗುತ್ತದೆಂದು ಅವರು ಕಣ್ಣಾರೆ ಕಂಡವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಜೆಯಾದರೆ ತಂಗಿ ಕೆಳಗಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳಂತೆ. ಇಬ್ಬರೂ ಕೈ ಹಿಡಿದು ಮನೆಗೆ ನಡೆಯುವುದು ರೂಢಿ. "ನಿನ್ನ ಸೀಸೆಗಳಿಗೆ ಮಾಡೋ ಉಪಚಾರ ನನಗೂ ಒಂದಿನ ಮಾಡೇ ಅಂತ ರೇಗಿಸೋಳು," ಎಂದು ಅಕ್ಕ ನಗುತ್ತಾರೆ. ಎರಡೇ ವರ್ಷದಲ್ಲಿ ತಂಗಿ ಹಾಸಿಗೆ ಹಿಡಿದಳು. ಚಿಕಿತ್ಸೆ ಶುರುವಾದ ಮೇಲೆ ಬಾಯಿತುಂಬ ಹುಣ್ಣು, ಗುಟುಕು ನೀರಿಗೂ ಕಣ್ಣೀರು. "ಗಡ್ಡೆ ಇದ್ದಿದ್ದು ಅಂಗೈಯಷ್ಟು ಜಾಗದಲ್ಲಿ. ಔಷಧಿ ಸುಟ್ಟಿದ್ದು ಮೈಯೆಲ್ಲ." ತಂಗಿ ಹೋದ ವಾರವೇ ಅವರು ಅಂದಿನ ಮುಖ್ಯಸ್ಥರ ಮುಂದೆ ನಿಂತು, ತೊಳೆಯುವುದರ ಜೊತೆಗೆ ಕಣ ಮಾಡುವುದನ್ನೂ ಕಲಿಸಿಕೊಡಿ ಎಂದು ಕೇಳಿಕೊಂಡರು.

ಕಲಿತರು. ಹನ್ನೊಂದು ವರ್ಷದ ಹಿಂದೆ ಆ ಕಲಿಕೆಗೂ ಪರೀಕ್ಷೆ ಬಂತು. ಎಂಟು ತಿಂಗಳು ಹೆಣಗಿದರೂ ಗುರುತಿನ ಅಣು ಕಣಕ್ಕೆ ಕೂರಲೊಲ್ಲದು. ಸಂಶೋಧನೆ ನಡೆಸುತ್ತಿದ್ದ ಮೇಡಂ ಕೈಚೆಲ್ಲಿ ಕೂತಿದ್ದರು. ಅಕ್ಕ ತಮ್ಮ ದಿನಚರಿಯ ಪುಸ್ತಕ ತೆಗೆದು ನೋಡಿದರು. ಆ ಎಂಟು ತಿಂಗಳಲ್ಲಿ ಮೂರೇ ಮೂರು ದಿನ ಅಣು ಕೂತಿತ್ತು. ಆ ಮೂರೂ ದಿನ ಮಾಮೂಲಿ ಉಪ್ಪಿನ ದ್ರಾವಣ ಮುಗಿದು, ಬೇರೆ ಬಗೆಯದನ್ನು ಬಳಸಿದ್ದರು.

"ಕಣ ತೇಲಿಸೋ ನೀರು ಅಷ್ಟೇ ಅಕ್ಕ, ಅದರಿಂದೇನಾಗತ್ತೆ?" ಎಂದರು ಮೇಡಂ.

"ನನಗೂ ಗೊತ್ತಿಲ್ಲ ಮೇಡಂ. ಒಂದ್ಸಲ ಬದಲಾಯಿಸಿ ನೋಡೋಣ."

ಬದಲಾಯಿಸಿದರು, ಅಣು ಕೂತಿತು. ಹಳೆಯ ದ್ರಾವಣದಲ್ಲಿದ್ದ ವಸ್ತುವೇ ಅಣುವಿನ ಜಾಗವನ್ನು ಮೊದಲೇ ಹಿಡಿದುಬಿಡುತ್ತಿತ್ತು! ಮೇಡಂ ಅಕ್ಕನನ್ನು ತಬ್ಬಿಕೊಂಡು ಅತ್ತೇಬಿಟ್ಟರಂತೆ. ಅಚ್ಚಾದ ಪ್ರಬಂಧದಲ್ಲಿ ಮಾತ್ರ ಅಕ್ಕನಿಗೆ ಸಿಕ್ಕಿದ್ದು ಕೊನೆಯ ಸಾಲಿನ ಕೃತಜ್ಞತೆ. ಅದರ ಬಗ್ಗೆ ಕೇಳಿದರೆ ಕೈಯಲ್ಲಾಡಿಸಿ ಮಾತು ಮರೆಸುತ್ತಾರೆ.

ಆ ಕಣದ ಔಷಧಿ ಈಗ ಮೊದಲ ಬಾರಿಗೆ ರೋಗಿಗಳ ಮೇಲೆ ಪ್ರಯೋಗವಾಗುತ್ತಿದೆ. ಫಲಿತಾಂಶ ಬರಲು ಇನ್ನೂ ವರ್ಷಗಳು ಬೇಕು; ಅಕ್ಕನ ನಿವೃತ್ತಿಗೆ ಉಳಿದಿರುವುದು ಎರಡು ತಿಂಗಳು. ಇಷ್ಟು ವರ್ಷ ಕಣ ಮಾಡಿ ಕಳಿಸಿದರೇ ಹೊರತು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವನ್ನು ಕಂಡವರಲ್ಲ. ಅದೊಂದು ಆಸೆ ಉಳಿದಿತ್ತು. ಕಳೆದ ವಾರ ಮೇಡಂ ತಾವೇ ಕರೆದೊಯ್ದು ಪರದೆಯ ಮುಂದೆ ಕೂರಿಸಿದರು. ಬೂದು ಬಯಲಲ್ಲಿ ದುಂಡುದುಂಡಗೆ ನೂರಾರು ಕಣ. ಅಕ್ಕ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಒಂದಕ್ಕೊಂದು ಅಂಟಿಲ್ಲ ನೋಡಿ," ಎಂದರು ಕೊನೆಗೆ, ಮೆಲ್ಲಗೆ. "ಕೈ ಇನ್ನೂ ಕೆಟ್ಟಿಲ್ಲ."