ಇಲ್ಲದ ಚೀಲದ ತೂಕ

ಬಾಳೂರಿನ ಕಾಫಿ ತೋಟ ನೋಡಲು ಹೋಗಿ ಜಾರಿ ಕೈ ಮುರಿದುಕೊಂಡು ಚಿಕ್ಕಮಗಳೂರಿನ ಆಪರೇಷನ್ ಟೇಬಲ್ ಮೇಲೆ ಮಲಗಿದ್ದೆ. ಅರಿವಳಿಕೆ ಕೊಡುವ ಡಾಕ್ಟರಮ್ಮ ನನ್ನ ವಯಸ್ಸು, ಎತ್ತರ, ತೂಕವನ್ನು ಮದ್ದು ಹರಿಸುವ ಪಂಪಿಗೆ ತುಂಬಿಸುತ್ತಿದ್ದರು. ಮದ್ದು ಎಷ್ಟೆಂದು ಲೆಕ್ಕ ಹಾಕುವುದು ಅದೇ. ನಡುವೆ ಎಚ್ಚರವಾದರೆ ಎಂಬ ಭಯಕ್ಕೆ ನನಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

"ತೂಕ ಎಲ್ಲಿ ನೋಡಿಸಿದ್ದು?"

"ಮೊನ್ನೆ ತಮಾಷೆಗೆ ಎಸ್ಟೇಟಿನ ಕಾಫಿ ತಕ್ಕಡಿ ಹತ್ತಿದ್ದೆ. ಲೆಕ್ಕ ಬರೆಯೋ ರೈಟರೇ ನೋಡಿ ಹೇಳಿದ್ರು."

"ಅಯ್ಯೋ ಮಾರಾಯ್ರೆ, ಅವ್ರು ಅಭ್ಯಾಸಬಲದಲ್ಲಿ ಕಾಫಿ ಚೀಲದ ತೂಕ ಅಂತ ಒಂದು ಕಿಲೋ ಕಳೆದಿರ್ತಾರೆ! ನಮ್ಮ ತೋಟದಲ್ಲೂ ಇದೇ ಕಥೆ."

"ನಾನು ಚೀಲದಲ್ಲಿ ಇರ್ಲಿಲ್ಲ!"

ನಗುತ್ತಲೇ ಒಂದು ಕಿಲೋ ಸೇರಿಸಿದರು. "ಪಂಪಿನದು ಅಂದಾಜು. ನಿದ್ದೆ ಬಂತೋ ಇಲ್ವೋ ನಿಮ್ಮ ಮಿದುಳೇ ಹೇಳುತ್ತೆ," ಎಂದು ನನ್ನ ಹಣೆಗೆ ಮಿದುಳಿನ ಅಲೆ ಹಿಡಿಯುವ ಪಟ್ಟಿ ಅಂಟಿಸಿ ಮಾನಿಟರ್ ಪರದೆ ತೋರಿಸಿದರು. ಗಡಿಬಿಡಿಯ ಗೆರೆಗಳು ಸೋಮಾರಿ ಅಲೆಗಳಾಗತೊಡಗಿದ್ದಷ್ಟೇ ನೆನಪು.

ಎದ್ದಾಗ ಕೈಗೆ ಕಟ್ಟು ಬಿದ್ದಿತ್ತು. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಚೀಲ ಹೆಚ್ಚು ತೂಗಿ ಬೈಸಿಕೊಂಡವಳು ನಾನು. ಇಲ್ಲದ ಚೀಲವನ್ನು ಕಳೆದು ನನ್ನನ್ನು ತೆಳ್ಳಗೆ ಮಾಡಿದ ಊರು ಬಾಳೂರೊಂದೇ.